ಪೈಲ್ವಾನ ಸಿಗಡಿಯನ್ನು ನೋಡಿಬಂದದ್ದು

ಕಲ್ಲೂರು: ಹೊರಡುವ ಮುಂಚೆ

ಪರದೇಶಕ್ಕೆ ಹೋಗಿಬಂದವರು ಸಮುದ್ರ ಕಂಡೆವು, ಮುಗಿಲು ಮುಟ್ಟುವ ಕಟ್ಟಡ ಕಂಡೆವು ಎನ್ನುತ್ತಾರೆ. ನಾನು ಥಾಯ್ಲೆಂಡಿಗೆ ಹೋಗಿ ಕಂಡದ್ದು ಹೊಂಡ. ಬೆಳಿಗ್ಗೆ ಹೊಂಡ, ಮಧ್ಯಾಹ್ನ ಹೊಂಡ, ಒಮ್ಮೆ ಹೊಂಡದ ಒಳಗಿನಿಂದಲೂ ಹೊಂಡ. ಆದರೂ ರಾಯಚೂರಿನ ನಮ್ಮ ಓಣಿಯ ಗಂಡಸರು ಈಗಲೂ ನನ್ನನ್ನು ನಿಲ್ಲಿಸಿ, ಒಂದು ಕಣ್ಣು ಸಣ್ಣ ಮಾಡಿ, "ಸರ್, ಬ್ಯಾಂಕಾಕ್ ಹೆಂಗದರಿ?" ಎಂದು ಕೇಳುತ್ತಾರೆ. ನಾನು ಸಿಗಡಿಯ ವಿಷಯ ತೆಗೆದ ಕೂಡಲೇ ಅವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಅವರು ಕೇಳಿಸಿಕೊಳ್ಳದೆ ಹೋದದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ನಾನು ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಕನ್ನಡ ಮೇಷ್ಟ್ರು. ಮನೆ ರಾಯಚೂರಿನಲ್ಲಿ. ಮನಸ್ಸು ಮಾತ್ರ ಮಾನ್ವಿ ತಾಲೂಕಿನ ಕಲ್ಲೂರಿನ ಹೊಂಡದಲ್ಲಿ. ಕಾಲುವೆಯ ನೀರು ಇಂಗಿ ಇಂಗಿ ಸವುಳಾಗಿ, ಬೇಸಿಗೆಯಲ್ಲಿ ಮೇಲೆ ಉಪ್ಪು ಬಿಳಿಚಿಕೊಳ್ಳುವ ನೆಲ ಅದು. ಯಾರಿಗೂ ಬೇಡವಾಗಿದ್ದರಿಂದಲೇ ಕೂಲಿ ಮಾಡುತ್ತಿದ್ದ ನಮ್ಮಪ್ಪನ ಪಾಲಿಗೆ ಬಂದದ್ದು. ಪಕ್ಕದ ಸವುಳು ಬೀರಪ್ಪಣ್ಣನದು. ಅವರದು ಕುರಿ ಕಾಯುವ ಮನೆತನ. ಭತ್ತ ಸುಟ್ಟುಹೋಗುವ ಆ ಉಪ್ಪುನೀರಿನಲ್ಲಿ ಸಿಗಡಿ ಚೆನ್ನಾಗಿ ಬೆಳೆಯುತ್ತದೆ ಎಂದು ಯಾರೋ ಹೇಳಿದರು. ಇಬ್ಬರ ನೆಲವನ್ನೂ ಸೇರಿಸಿ ಒಂದೇ ಹೊಂಡ ತೋಡಿದೆವು. ಸಿಗಡಿ ನಿಜಕ್ಕೂ ಬೆಳೆಯಿತು. ನಮ್ಮ ಕಡೆ ಅದಕ್ಕೆ ಜಿಂಗಾ ಎನ್ನುತ್ತಾರೆ.

ಬೀರಪ್ಪಣ್ಣನ ಕೊರಳಲ್ಲಿ ತುಳಸಿ ಮಾಲೆ ಇದೆ. ಪಂಢರಪುರಕ್ಕೆ ನಡೆದುಹೋಗಿ ಹಾಕಿಸಿಕೊಂಡದ್ದು. ಅಂದಿನಿಂದ ಮಾಂಸ, ಮೀನು, ಮೊಟ್ಟೆ ಎಲ್ಲ ಬಂದ್. ಜಿಂಗಾಗಳಿಗೆ ದಿನವೂ ತಿನ್ನಲು ಹಾಕುತ್ತಾನೆ, ಒಂದೊಂದನ್ನು ಹಿಡಿದು ಬಿಸಿಲಿಗೆ ಅಡ್ಡ ಹಿಡಿದು ಹೊಟ್ಟೆ ತುಂಬಿದೆಯೋ ಎಂದು ನೋಡುತ್ತಾನೆ, ಮಳೆ ಗುಡುಗಿದರೆ ಅವು ಹೆದರುತ್ತವೆಂದು ದಂಡೆಯ ಮೇಲೆ ಕುಳಿತು ಶಿಳ್ಳೆ ಹಾಕುತ್ತಾನೆ. ನಾಲಿಗೆಗೆ ಮಾತ್ರ ಒಂದನ್ನೂ ಸೋಕಿಸಿಲ್ಲ. ನನಗೆ ತಿಳಿದಂತೆ ಇಡೀ ಜಿಲ್ಲೆಯಲ್ಲಿ ಹಾಲು ಕುಡಿಯದ ಗೌಳಿ ಇವನೊಬ್ಬನೇ.

ಹೀಗಿರುವಾಗ ನಾನು ಫೋನಿನಲ್ಲಿ ಒಂದು ವಿಡಿಯೊ ನೋಡಿಬಿಟ್ಟೆ. ಥಾಯ್ಲೆಂಡಿನ ರೈತರು ಸಿಗಡಿಯ ಹೊಂಡದಲ್ಲೇ ಕ್ರೇಫಿಶ್ ಎಂಬ ಇನ್ನೊಂದನ್ನು ಬಿಡುತ್ತಾರೆ. ಅದು ಮುಂದಿನಿಂದ ನೋಡಿದರೆ ಏಡಿ, ಹಿಂದಿನಿಂದ ನೋಡಿದರೆ ಸಿಗಡಿ. ಸಿಗಡಿ ನೀರಿನಲ್ಲಿ ಈಜಾಡಿಕೊಂಡು ತಿಂದರೆ, ಇದು ತಳದಲ್ಲಿ ತೆವಳುತ್ತಾ ಉಳಿದುಬಿದ್ದದ್ದನ್ನು ತಿನ್ನುತ್ತದೆ. ಒಂದೇ ಹೊಂಡ, ಎರಡು ಬೆಳೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೀರಪ್ಪಣ್ಣನಿಗೆ ತೋರಿಸಿದೆ. ಅವನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಅದರ ಇಕ್ಕಳದಂಥ ಎರಡು ಕೈಗಳನ್ನೇ ನೋಡುತ್ತ ನಿಂತ.

"ಇದು ಜಿಂಗಾ ಅಲ್ಲಪ, ಪೈಲ್ವಾನ ಅದ. ಗರಡಿ ಮನಿಯಾಗ ಇರಬೇಕಾದ್ದು. ಇದನ್ನ ನಮ್ಮ ಕೂಸುಗಳ ನಡುವ ಬಿಡಂತೀ? ತೋಳ, ಕುರಿ ಒಂದ ಹಟ್ಟಿಯಾಗ ಕೂಡ್ತೇನಿ ಅಂದಂಗಾತು."

"ಅಲ್ಲಿ ಕೂಡ್ಯಾರಲ್ಲ ಬೀರಪ್ಪಣ್ಣ."

"ಫೋನಿನ್ಯಾಗ ಏನ್ ಬೇಕಾದ್ದು ಕೂಡ್ತಾವ. ನಾ ಕಣ್ಣೀಲೆ ನೋಡಬೇಕು. ಮತ್ತ ಒಂದ್ ಮಾತು ಕೇಳು ಮಾಸ್ತರ. ಈ ಪೈಲ್ವಾನ ನನ್ನ ಕಣ್ಮುಂದ ಒಂದ ಒಂದು ಜಿಂಗಾ ತಿಂತು ಅಂದ್ರ ಮುಗೀತು. ಹೊಂಡದ ನಡುವ ಬದು ಹಾಕೋದ. ನಿನ್ನ ಕಡಿಗೆ ನೀ ತೋಳ ಸಾಕು, ನನ್ನ ಕಡಿಗೆ ನಾ ಕುರಿ ಸಾಕ್ತೀನಿ."

ಮಾಲೆ ಮುಟ್ಟಿ ಹೇಳಿದ. ಅವನು ಮಾಲೆ ಮುಟ್ಟಿದರೆ ಮಾತು ಕಲ್ಲಿನಲ್ಲಿ ಕೊರೆದ ಹಾಗೆ. ನಮ್ಮಿಬ್ಬರ ಅಪ್ಪಂದಿರು ಅಕ್ಕಪಕ್ಕದ ಸವುಳಿನಲ್ಲಿ ಇಡೀ ಆಯುಷ್ಯ ಒಬ್ಬರಿಗೊಬ್ಬರು ಹೆಗಲು ಕೊಟ್ಟವರು. ಆ ಹೊಂಡದ ನಡುವೆ ಬದು ಬೀಳುವುದು ನನಗೆ ಬೇಡವಾಗಿತ್ತು. ಆದರೂ ಕ್ರೇಫಿಶ್ಶಿನ ಹುಚ್ಚು ಬಿಡಲಿಲ್ಲ. ಸಿಗಡಿಯ ಆಹಾರ ಮಾರುವ ಮಾನ್ವಿಯ ವ್ಯಾಪಾರಿಗೆ ಥಾಯ್ಲೆಂಡಿನ ಒಬ್ಬ ರೈತ ಹೆಂಗಸಿನ ಪರಿಚಯವಿತ್ತು. ಅವರೇ ಎಲ್ಲ ಏರ್ಪಾಡು ಮಾಡಿದರು. ತಾವೂ ಬರಬೇಕಿದ್ದವರು, ಮಗಳ ಹೆರಿಗೆ ಎಂದು ಉಳಿದುಬಿಟ್ಟರು. ಹೀಗೆ ಅಲ್ಲಿನ ಭಾಷೆ ಗೊತ್ತಿದ್ದ ಒಬ್ಬರೇ ಒಬ್ಬರು ಮಾನ್ವಿಯಲ್ಲಿ ತೊಟ್ಟಿಲು ತೂಗುತ್ತ ಕುಳಿತರು, ಗೊತ್ತಿಲ್ಲದ ಇಬ್ಬರು ಹೊರಟೆವು.

ಹೈದರಾಬಾದ್: ಕಂಬಳಿಯ ಪ್ರಶ್ನೆ

ಬೀರಪ್ಪಣ್ಣನ ಸಾಮಾನು ಒಂದು ಚೀಲ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಪುಡಿ, ಒಂದು ಸಣ್ಣ ಗಂಟಿನಲ್ಲಿ ಬೀರದೇವರ ಅರಿಶಿನದ ಭಂಡಾರ ಮತ್ತು ಹೆಗಲ ಮೇಲೆ ಕರಿ ಕಂಬಳಿ. ಥಾಯ್ಲೆಂಡ್ ನಮಗಿಂತ ಬಿಸಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಕಂಬಳಿ ಚಳಿಗೆ ಅಂತ ಯಾರಂದ್ರು ನಿನಗ? ಕಂಬಳಿ ಕಂಬಳಿಗೆ."

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಲ್ಲರೂ ಬೆಲ್ಟು, ಬೂಟು, ಚಪ್ಪಲಿ ಬಿಚ್ಚಿ ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಕಳಿಸುತ್ತಿದ್ದರು. ಕಂಬಳಿಯನ್ನೂ ಇಡಬೇಕೆಂದರು. ಬೀರಪ್ಪಣ್ಣ ಅಲ್ಲಾಡಲಿಲ್ಲ.

"ಜನ ಕಾಲಾಗಿಂದು ಇಟ್ಟ ತಾಟಿನ್ಯಾಗ ಇದನ್ನ ಇಡಂಗಿಲ್ರೀ. ಇದರ ಮ್ಯಾಲ ದೇವರು ಕುಂದ್ರತಾನ."

ನಮ್ಮ ಹಿಂದೆ ಸಾಲು ಬೆಳೆಯಿತು. ಸೂಟು ಹಾಕಿದವನೊಬ್ಬ ನಾಲಿಗೆ ಲೊಚಗುಟ್ಟಿದ. ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ, ಹಿಂದಿಯಲ್ಲಿ ಕ್ಷಮೆ ಕೇಳಿದೆ, ಬೀರಪ್ಪಣ್ಣನಿಗೆ ಕನ್ನಡದಲ್ಲಿ ಕೈಮುಗಿದೆ. ಅಷ್ಟರಲ್ಲಿ ಆಚೆಯಿಂದ ದೊಡ್ಡ ಮೀಸೆಯ ಕಾವಲುಗಾರನೊಬ್ಬ ಬಂದ. ಈಗ ನಮ್ಮಿಬ್ಬರನ್ನೂ ಹೊರಹಾಕುತ್ತಾನೆ ಎಂದುಕೊಂಡೆ. ಅವನು ಕಂಬಳಿಯ ಅಂಚು ಮುಟ್ಟಿ ನೋಡಿ, "ಇದಿ ಗೊಂಗಡಿ ಕದಾ?" ಎಂದ. ಗೊಂಗಡಿ ಎಂದರೆ ತೆಲುಗಿನಲ್ಲಿ ಕಂಬಳಿ. ಅವನ ಅಜ್ಜನೂ ಕುರಿ ಕಾಯುತ್ತಿದ್ದನಂತೆ. ಇಬ್ಬರೂ ತೆಲುಗಿನಲ್ಲಿ ಕುರಿಯ ತಳಿ, ಉಣ್ಣೆ, ಹುಣಸೆ ಬೀಜದ ಗಂಜಿ ಎಂದು ಮಾತಿಗೆ ನಿಂತರು. ಕೊನೆಗೆ ಕಾವಲುಗಾರ ಒಂದು ಹೊಸ ತಟ್ಟೆ ತಂದು, ತನ್ನ ಕರವಸ್ತ್ರದಿಂದ ಒರೆಸಿ, ಕಂಬಳಿಯನ್ನು ತಾನೇ ಮಡಿಸಿ ಎರಡು ಕೈಯಿಂದ ಇಟ್ಟ. ಯಂತ್ರದೊಳಗೆ ಕಂಬಳಿ ಒಂಟಿಯಾಗಿ, ಪಲ್ಲಕ್ಕಿಯಲ್ಲಿ ಹೋದ ಹಾಗೆ ಹೋಯಿತು. ನನ್ನ ಪುಂಡಿಪಲ್ಯದ ಡಬ್ಬಿಯನ್ನು ಮಾತ್ರ ಅದೇ ಕಾವಲುಗಾರ ನಿರ್ದಾಕ್ಷಿಣ್ಯವಾಗಿ ಕಸಿದುಕೊಂಡ.

ಬ್ಯಾಂಕಾಕ್: ಒಂದು ಕಂಬಳಿ, ಇಬ್ಬರು ಗಂಡಸರು

ಓಣಿಯವರ ಸಮಾಧಾನಕ್ಕೆ ಬ್ಯಾಂಕಾಕಿನ ಬಗ್ಗೆಯೂ ಹೇಳುತ್ತೇನೆ. ನಾವು ಅಲ್ಲಿ ಕಂಡದ್ದು ಒಂದು ಬಸ್ ನಿಲ್ದಾಣ. ನಮ್ಮ ಏಪ್ರಿಲ್ ಬಿಸಿಲಿಗೆ ಒದ್ದೆ ಪಂಚೆ ಸುತ್ತಿದರೆ ಹೇಗೋ ಹಾಗೆ ಅಲ್ಲಿನ ಸೆಕೆ. ಕಂಬಳಿ ಹೊದ್ದ ಬೀರಪ್ಪಣ್ಣನನ್ನು ಜನ ತಿರುತಿರುಗಿ ನೋಡಿ ನಗುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲೇ ನಡೆದೆ.

ಸುಪಾನ್ ಬುರಿ ಎಂಬ ಊರಿನ ಕಡೆಗೆ ಹೋಗುವ ಬಸ್ ಹತ್ತಿದೆವು. ಒಳಗೆ ಹಿಮ ಸುರಿಯುವಂಥ ಏಸಿ. ಅರ್ಧ ದಾರಿಗೆ ನನ್ನ ಹಲ್ಲು ಕಟಕಟ ಎನ್ನತೊಡಗಿತು.

"ಬೀರಪ್ಪಣ್ಣ, ಒಂದು ಅಂಚು ಕೊಡು."

"ಯಾಕಪ, ದೂರ ದೂರ ನಡೀತಿದ್ದಿ?"

"ಕೊಡೋ ಮಾರಾಯ."

ಕೊಟ್ಟ. ಒಂದೇ ಕಂಬಳಿಯಲ್ಲಿ ತಲೆಯವರೆಗೆ ಮುಚ್ಚಿಕೊಂಡು ಕುಳಿತ ನಮ್ಮನ್ನು ಮುಂದಿನ ಸೀಟಿನ ಹುಡುಗಿಯರು ಫೋಟೊ ತೆಗೆದುಕೊಂಡರು. ಆ ಚಿತ್ರ ಈಗ ಯಾವ ಯಾವ ದೇಶ ಸುತ್ತುತ್ತಿದೆಯೋ.

ಮಾಲೀ ಅಕ್ಕನ ಮನೆ: ಫೋನಿನ ಕನ್ನಡ

ನಮಗೆ ಆತಿಥ್ಯ ಕೊಟ್ಟವರು ಮಾಲೀ. ಐವತ್ತು ದಾಟಿದ, ಗುಂಡಗಿನ, ಸದಾ ಅಗಲ ಟೋಪಿ ಹಾಕಿಕೊಂಡಿರುವ ಹೆಂಗಸು. ಹೊಂಡಗಳ ನಡುವೆಯೇ ಮನೆ. ಬೀರಪ್ಪಣ್ಣ ಮೊದಲ ಗಳಿಗೆಯಿಂದಲೇ ಮಾಲೀ ಅಕ್ಕ ಎಂದು ಕರೆದ. ಅವರು ಓ ಎಂದರು.

ಭಾಷೆಗೆಂದು ನನ್ನ ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಹಾಕಿಕೊಂಡಿದ್ದೆ. ಅವರು ಥಾಯ್‌ನಲ್ಲಿ ಮಾತಾಡಿದರೆ ಫೋನು ಕನ್ನಡದಲ್ಲಿ ಹೇಳುತ್ತದೆ. ತೊಂದರೆ ಏನೆಂದರೆ ಅದರ ಕನ್ನಡ. ಹೊಸ್ತಿಲು ದಾಟುತ್ತಿದ್ದ ಹಾಗೆ ಮಾಲೀ ಅಕ್ಕ ಏನೋ ಕೇಳಿದರು. ಫೋನು ಗಂಭೀರ ಹೆಣ್ಣುದನಿಯಲ್ಲಿ, "ತಾವು ಅನ್ನವನ್ನು ಸೇವಿಸಿರುವಿರೇ?" ಎಂದಿತು.

"ಏನಂತಾಳ ಈ ಫೋನಿನ್ಯಾಗಿನಾಕಿ?" ಬೀರಪ್ಪಣ್ಣ ಕೇಳಿದ.

"ಊಟಾತೇನು ಅಂತ."

"ಹಂಗಂತ ಹೇಳಾಕೇನು ಧಾಡಿ ಆಕಿಗೆ?"

ಅವನ ಮಾತಂತೂ ಫೋನಿಗೆ ಅರ್ಥವೇ ಆಗುತ್ತಿರಲಿಲ್ಲ. "ಹೊಂಡದಾಗ ಉಪ್ಪು ಎಷ್ಟದರಿ?" ಎಂದು ಅವನು ಫೋನಿನ ಬಾಯಿಗೆ ಬಾಯಿಟ್ಟು ಕೂಗಿದ. ಅದು ಥಾಯ್‌ನಲ್ಲಿ ಏನು ಹೇಳಿತೋ, ಮಾಲೀ ಅಕ್ಕ ಓಡಿಹೋಗಿ ಉಪ್ಪಿನಕಾಯಿ ತಂದರು. ಆಮೇಲೆ ನಾನೇ ಮಸರಕಲ್ಲಿನ ತರಗತಿಯಲ್ಲಿ ನಿಂತವನಂತೆ, "ಸರೋವರದ ನೀರಿನಲ್ಲಿ ಲವಣಾಂಶ ಎಷ್ಟಿದೆ?" ಎಂದು ಬಿಡಿಸಿ ಬಿಡಿಸಿ ಹೇಳತೊಡಗಿದೆ. ಹೀಗೆ ಥಾಯ್‌ನಿಂದ ಗ್ರಂಥದ ಕನ್ನಡಕ್ಕೆ ಫೋನು, ಗ್ರಂಥದ ಕನ್ನಡದಿಂದ ಕಲ್ಲೂರಿನ ಕನ್ನಡಕ್ಕೆ ನಾನು.

ಊಟಕ್ಕೆ ಕೂತಾಗ ಕಷ್ಟ ಶುರುವಾಯಿತು. ಅಲ್ಲಿ ಸೊಪ್ಪಿಗೂ ಮೀನಿನ ರಸ ಹಾಕುತ್ತಾರೆ. ಬೀರಪ್ಪಣ್ಣ ತಟ್ಟೆ ಸರಿಸಿ ರೊಟ್ಟಿ ಚೀಲ ಬಿಚ್ಚಿದ. ಮಾಲೀ ಅಕ್ಕನ ಮುಖ ಬಾಡಿತು. ನಾನು ಫೋನಿಗೆ ಹೇಳಿದೆ: "ಇವರು ಮಾಂಸ ಮೀನು ಸೇವಿಸುವುದಿಲ್ಲ. ವ್ರತದ ಮಾಲೆ ಧರಿಸಿದ್ದಾರೆ. ಇವರ ಬಳಿ ಇರುವುದು ಒಂದೇ ಕಂಬಳಿ."

ಕಂಬಳಿಯ ಮಾತು ಏಕೆ ಬಂತೋ ನನಗೇ ತಿಳಿಯದು. ಫೋನು ಅದನ್ನೆಲ್ಲ ಥಾಯ್‌ನಲ್ಲಿ ಒಪ್ಪಿಸಿತು. ಮಾಲೀ ಅಕ್ಕ ಚಮಚ ಕೆಳಗಿಟ್ಟರು. ಎದ್ದು ನಿಂತು, ಎರಡೂ ಕೈ ಜೋಡಿಸಿ ಹಣೆಗೊತ್ತಿ, ಬೀರಪ್ಪಣ್ಣನ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿದರು.

"ಏನಂದೀ ಮಾಸ್ತರ ಆಕಿಗೆ?"

"ನೀ ಪಲ್ಯ ತಿನ್ನಂಗಿಲ್ಲ ಅಂದೆ, ಅಷ್ಟ."

ಅಂದಿನಿಂದ ಬೀರಪ್ಪಣ್ಣನಿಗೆ ಪ್ರತ್ಯೇಕ ಪಾತ್ರೆಯಲ್ಲಿ ಬೆಂದ ಅಂಟನ್ನ, ಮಾವಿನಹಣ್ಣು, ಎಳನೀರು, ಕುಳಿತುಕೊಳ್ಳಲು ಎತ್ತರದ ಆಸನ. ನನಗೆ ಚಾಪೆ.

ಮೊದಲ ಹೊಂಡ

ಮಾರನೆಯ ದಿನ ಹೊಂಡಕ್ಕೆ ಹೋದೆವು. ನಮ್ಮಲ್ಲಿರುವಂಥದೇ ನೀರು ಕಡೆಯುವ ಚಕ್ರಗಳು, ಅದೇ ಬಣ್ಣದ ನೀರು. ವ್ಯತ್ಯಾಸ ಎರಡು. ದಂಡೆಯ ಸುತ್ತ ಮೊಣಕಾಲೆತ್ತರಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದ್ದರು, ಏಕೆಂದರೆ ಪೈಲ್ವಾನ ಬೇಸರವಾದರೆ ಹೊಂಡ ಬಿಟ್ಟು ನಡೆದೇ ಹೋಗಿಬಿಡುತ್ತದಂತೆ. ಇನ್ನೊಂದು, ತಳದ ತುಂಬ ತುಂಡು ತುಂಡು ಪೈಪು. ಮಾಲೀ ಅಕ್ಕ ಒಂದನ್ನೆತ್ತಿ ತೋರಿಸಿ ವಿವರಿಸಿದರು. ಫೋನು ಹೇಳಿತು: "ಕವಚವನ್ನು ಕಳಚುವ ಸಮಯದಲ್ಲಿ ಇದು ಲಜ್ಜೆಯಿಂದ ಕೊಳವೆಯನ್ನು ಪ್ರವೇಶಿಸುತ್ತದೆ."

"ಏನಂತ?"

"ಪೈಲ್ವಾನ ಅಂಗಿ ಬಿಚ್ಚುವಾಗ ಪೈಪಿನ್ಯಾಗ ಹೋಕ್ಕಾನಂತ."

"ಮರ್ಯಾದಸ್ಥ ಅದಾನ," ಎಂದ ಬೀರಪ್ಪಣ್ಣ. ನನಗೆ ಆಸೆ ಚಿಗುರಿತು.

ಅದೇ ಹೊತ್ತಿಗೆ ಮಾಲೀ ಅಕ್ಕ ಆಹಾರ ಹಾಕುವ ಜಾಲರಿಯ ತಟ್ಟೆಯನ್ನು ಹಗ್ಗದಿಂದ ಮೇಲೆಳೆಯತೊಡಗಿದರು. ತಟ್ಟೆ ನೀರಿನಿಂದ ಮೇಲೆ ಬರುವ ಮುಂಚೆಯೇ ನನ್ನ ಕಣ್ಣಿಗೆ ಬಿತ್ತು: ಮೂಲೆಯಲ್ಲಿ ಒಂದು ಪೈಲ್ವಾನ, ಅದರ ಕೈಯಲ್ಲಿ ಅರ್ಧ ಸಿಗಡಿ. ಬೀರಪ್ಪಣ್ಣ ಬಗ್ಗಿದರೆ ಮುಗಿಯಿತು, ಕಲ್ಲೂರಿನಲ್ಲಿ ಬದು. ಬೇರೇನೂ ತೋಚದೆ ನನ್ನ ಎಡಗಾಲಿನ ಚಪ್ಪಲಿಯನ್ನು ಒದ್ದು ದೂರ ನೀರಿಗೆ ಹಾರಿಸಿದೆ.

"ಅಯ್ಯೋ, ನನ್ನ ಚಪ್ಪಲಿ!"

ಬೀರಪ್ಪಣ್ಣ ಆ ಕಡೆ ಓಡಿದ. ನಾನು ಕಾಲಿನಿಂದ ತಟ್ಟೆಯನ್ನು ಮತ್ತೆ ನೀರಿಗೆ ಅದುಮಿದೆ. ಮಾಲೀ ಅಕ್ಕ ಹಗ್ಗ ಹಿಡಿದು ನನ್ನನ್ನೇ ನೋಡಿದರು. ಬಹುಶಃ ನಮ್ಮ ದೇಶದಲ್ಲಿ ಹೊಂಡಕ್ಕೆ ಚಪ್ಪಲಿ ಅರ್ಪಿಸುವ ಪದ್ಧತಿ ಇದೆ ಎಂದುಕೊಂಡರೇನೋ.

ಅಲ್ಲಿಂದ ಶುರುವಾಯಿತು ನನ್ನ ಪರದಾಟ. ಬೀರಪ್ಪಣ್ಣ ನೀರಿನ ಕಡೆ ಬಗ್ಗಿದಾಗಲೆಲ್ಲ ನಾನು ಕೆಮ್ಮಿದೆ, ಎಮ್ಮೆ ತೋರಿಸಿದೆ, ತಲೆ ಸುತ್ತುತ್ತದೆ ಎಂದು ಕುಕ್ಕರುಗಾಲಲ್ಲಿ ಕುಳಿತೆ. ಅವನೂ ಯಾಕೋ ನೆಟ್ಟಗಿರಲಿಲ್ಲ. ನಾನು ನೀರಿನ ಅಂಚಿಗೆ ಹೋದರೆ ಸಾಕು, "ಮಾಸ್ತರ, ಆ ಚಕ್ರದ ಮುಂದ ನನ್ನದೊಂದು ಫೋಟೊ ಹೊಡಿ" ಎನ್ನುತ್ತಿದ್ದ. ಜನ್ಮದಲ್ಲಿ ಫೋಟೊ ಬೇಡದವನು ಆ ದಿನ ಚಕ್ರದ ಮುಂದೆ, ಬಾಳೆಯ ಕೆಳಗೆ, ಪಂಪಿನ ಮನೆಯ ಬಾಗಿಲಲ್ಲಿ, ಎಲ್ಲ ಕಡೆ ಹೊಡೆಸಿಕೊಂಡ. ಒಮ್ಮೆ ನಾನು ಬಗ್ಗಿ ಪೈಪು ಎತ್ತುವಷ್ಟರಲ್ಲಿ ಕಂಬಳಿ ಮನೆಯಲ್ಲೇ ಉಳಿಯಿತೆಂದು ನನ್ನನ್ನು ಓಡಿಸಿದ. ಹೋಗಿ ನೋಡಿದರೆ ಕಂಬಳಿ ಇರಲಿಲ್ಲ. ಮರಳಿ ಬಂದರೆ ಅದು ಅವನ ಹೆಗಲ ಮೇಲೆಯೇ ಇತ್ತು. ಬಿಸಿಲು ತಲೆಗೇರಿರಬೇಕು ಎಂದುಕೊಂಡೆ.

ವಿಹಾರ: ಗೊತ್ತಿದ್ದ ಒಂದು ಭಾಷೆ

ಮುಂದಿನ ದಿನ ಅವರಿಗೆ ಪವಿತ್ರ ದಿನ. ಮಾಲೀ ಅಕ್ಕ ನಮ್ಮನ್ನು ಊರ ವಿಹಾರಕ್ಕೆ ಕರೆದೊಯ್ದರು. ಬಂಗಾರದ ಬಣ್ಣದ ದೊಡ್ಡ ಬುದ್ಧ. ನಮ್ಮ ಮನೆಯಲ್ಲಿ ಟಿವಿಯ ಮೇಲಿರುವ ಬುದ್ಧನಿಗೆ ನಮ್ಮವ್ವ ದಿನವೂ ಧೂಳು ಒರೆಸಿ ಮಲ್ಲಿಗೆ ಇಡುತ್ತಾಳೆ. ಹೊರಡುವಾಗ, "ಅಲ್ಲಿ ಬುದ್ಧಪ್ಪನ ದೊಡ್ಡ ದೊಡ್ಡ ಗುಡಿ ಅದಾವಂತ. ನನ್ನ ಹೆಸರಲೆ ಒಂದ್ ಮೇಣಬತ್ತಿ ಹಚ್ಚಿ ಬಾ ಯಪ್ಪಾ" ಎಂದಿದ್ದಳು. ಹಚ್ಚಿದೆ. ಎಲ್ಲರೂ ಸಾಲಾಗಿ ಕುಳಿತರು. ಭಿಕ್ಷುಗಳು ಆರಂಭಿಸಿದರು: ಪುತ್ಥಂಗ್ ಸರಣಂಗ್ ಖಚ್ಚಾಮಿ.

ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನನ್ನ ಬಾಯಿ ತಾನಾಗಿ ತೆರೆಯಿತು. ಬುದ್ಧಂ ಸರಣಂ ಗಚ್ಛಾಮಿ. ರಾಯಚೂರಿನ ನಮ್ಮ ಓಣಿಯ ವಿಹಾರದಲ್ಲಿ ಪ್ರತಿ ಭಾನುವಾರ ಅವ್ವನ ಪಕ್ಕ ಕುಳಿತು ಹೇಳುತ್ತ ಬೆಳೆದದ್ದು. ಧಮ್ಮಂ, ಸಂಘಂ, ಪಂಚಶೀಲ, ಕೊನೆಯವರೆಗೆ ಹೇಳಿದೆ. ಮಾಲೀ ಅಕ್ಕ ನನ್ನ ಕಡೆ ತಿರುಗಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ. ಅಷ್ಟು ದಿನ ಯಾವ ಫೋನಿಗೂ ಆಗದ ಮಾತುಕತೆ ಅದೊಂದು ಗಳಿಗೆಯಲ್ಲಿ ಆಗಿಹೋಯಿತು.

ಹೊರಗೆ ಬಂದಾಗ ಬೀರಪ್ಪಣ್ಣ ಮುಖ ಕೆಂಪು ಮಾಡಿಕೊಂಡಿದ್ದ.

"ಇವರ ಭಾಷಾ ನಿನಗ ಇಷ್ಟು ಚಂದ ಬರ್ತಿತ್ತು, ಮತ್ತ ಇಷ್ಟೂ ದಿನ ಆ ಫೋನು ಯಾಕ ತಿಕ್ಕಾಕತ್ತಿದ್ದಿ?"

ಅದು ಪಾಲಿ, ಪ್ರಾರ್ಥನೆಗಷ್ಟೇ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. "ಹಂಗಾದ್ರ ಅದರಾಗ ಉಪ್ಪು ಎಷ್ಟದ ಅಂತ ಕೇಳು" ಎಂದು ದಾರಿಯುದ್ದಕ್ಕೂ ಪೀಡಿಸಿದ.

ಕೊನೆಯ ದಿನ: ಹೊಂಡದೊಳಗೆ

ವಿಹಾರದಲ್ಲಿ ಮಾಲೀ ಅಕ್ಕ ಊರವರಿಗೆ ನಮ್ಮ ಪರಿಚಯ ಮಾಡಿಸಿರಬೇಕು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ಸಿಗಡಿ ರೈತರು. ಎಲ್ಲರ ಕೈಯಲ್ಲೂ ಹೂವು, ಹಣ್ಣು. ಫೋನು ತಿಳಿಸಿತು: "ಭಾರತದ ತಪಸ್ವಿಗಳು ನಮ್ಮ ಸರೋವರಗಳನ್ನು ಹರಸಬೇಕೆಂದು ಪ್ರಾರ್ಥಿಸುತ್ತೇವೆ."

ಈ ಸಲ ತಿರುಗಿಸಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಬೀರಪ್ಪಣ್ಣನೇ ಅಂದಾಜು ಮಾಡಿಕೊಂಡ.

"ನನ್ನ ಸಾಧು ಅನ್ಕೊಂಡಾರೇನು?"

"ಹೂಂ."

"ಹೇಳಿಬಿಡು, ಅಲ್ಲ ಅಂತ."

ಹೇಳಿದೆ. ತಾನು ಸಾಧುವಲ್ಲ ಎಂದು ಅವರು ಹೇಳುತ್ತಿದ್ದಾರೆ ಎಂದು ಫೋನು ಥಾಯ್‌ನಲ್ಲಿ ಹೇಳಿತು. ಜನ ತಲೆದೂಗಿ ಇನ್ನಷ್ಟು ಬಗ್ಗಿ ಕೈಮುಗಿದರು. ನಿಜವಾದ ಸಾಧು ಹಾಗೇ ತಾನೇ ಹೇಳುವುದು.

"ಇನ್ನೇನ್ ಮಾಡೋದು?" ಎಂದ ಬೀರಪ್ಪಣ್ಣ. "ಜಿಂಗಾ ಚಲೋ ಇರಲಿ ಅಂತ ದೇವರಿಗೆ ಬೇಡಾಕ ಸಾಧುನ ಆಗಬೇಕೇನು? ಬೇಡ್ತೀನಿ ನಡಿ." ಭಂಡಾರದ ಗಂಟು ಬಿಚ್ಚಿ, ಕಂಬಳಿ ಹೊದ್ದು ಹೊರಟ. ಹಿಂದೆ ಊರಿಗೂರೇ.

ಮಾಲೀ ಅಕ್ಕನ ಹೊಂಡದ ಅಂಚಿನಲ್ಲಿ ಕಣ್ಣುಮುಚ್ಚಿ ನಿಂತು ಬೀರದೇವರನ್ನು ನೆನೆದ. ಮುಷ್ಟಿಯಲ್ಲಿ ಅರಿಶಿನದ ಭಂಡಾರ. ನಾನು ಪಕ್ಕದಲ್ಲಿದ್ದೆ. ಕಣ್ಣು ನೀರಿನ ಕಡೆ ಹೋಯಿತು. ಸರಿಯಾಗಿ ಅವನ ಪಾದದ ಕೆಳಗೆ, ಗೇಣುದ್ದದ ನೀರಿನಲ್ಲಿ, ಒಂದು ಪೈಲ್ವಾನ ಕುಳಿತು ಸಿಗಡಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಕ್ಕೆಜೋಳದ ತೆನೆಯಂತೆ ತಿರುವಿ ತಿರುವಿ ತಿನ್ನುತ್ತಿತ್ತು. ಅವನು ಕಣ್ಣು ಬಿಡುವುದರೊಳಗೆ ಅಡ್ಡ ನಿಲ್ಲಬೇಕೆಂದು ನಾನು ಮುಂದೆ ಜಿಗಿದೆ. ಅದೇ ಗಳಿಗೆಯಲ್ಲಿ ಅವನು ಕಣ್ಣು ಬಿಟ್ಟು, "ಮಾಸ್ತರ, ಅಲ್ಲಿ ನೋಡು ಕೊಕ್ಕರೆ!" ಎಂದು ಕೂಗುತ್ತ ನನ್ನ ತಲೆಯನ್ನು ಆಕಾಶದ ಕಡೆ ತಿರುಗಿಸಲು ಎರಡೂ ಕೈ ಚಾಚಿದ. ತಲೆಗೆ ತಲೆ ಡಿಕ್ಕಿ. ಇಬ್ಬರೂ ಪ್ಲಾಸ್ಟಿಕ್ ಹಾಳೆಗೆ ಎಡವಿ, ಭಂಡಾರದ ಸಮೇತ ಹೊಂಡಕ್ಕೆ ಬಿದ್ದೆವು.

ಜಾರಿ ಹೋಗಿ ನಿಂತದ್ದು ಎದೆಮಟ್ಟದ ನೀರಿನಲ್ಲಿ. ಮುಖದ ತುಂಬ ಅರಿಶಿನ. ನನ್ನ ಪ್ಯಾಂಟಿನ ಹಿಂಬದಿಗೆ ಏನೋ ಬಿಗಿಯಾಗಿ ಕಚ್ಚಿಕೊಂಡಿತ್ತು.

"ಕೊಕ್ಕರೆ ಎಲ್ಲೈತಿ?" ನಾನು ಕೇಳಿದೆ.

"ಎಲ್ಲೂ ಇಲ್ಲ." ಬೀರಪ್ಪಣ್ಣ ಕಣ್ಣು ಒರೆಸಿಕೊಂಡ. "ನೀ ನೋಡಿದಿ?"

"ಏನು?"

"ಪೈಲ್ವಾನ ತಿನ್ನೋದು."

"ನೀ... ನೀನೂ ನೋಡಿದಿ?"

"ಲೇ, ನಾ ಮೊದಲನೇ ದಿನಾನ ನೋಡೀನಿ. ಆಕಿ ತಾಟು ಎಳೆಯೋದಕ್ಕಿಂತ ಮುಂಚೇನ."

"ಮತ್ತ ಆ ಫೋಟೊ? ಕಂಬಳಿ?"

"ನೀ ನೋಡಬಾರದಂತ. ನಿನ್ನ ಮಾರಿ ಮದುಮಗನ ಮಾರಿ ಆಗಿತ್ತಪ. ಇಷ್ಟು ದೂರ ಕರ್ಕೊಂಡ ಬಂದಿದ್ದಿ. ನೋಡಿದ್ರ ಇಲ್ಲೇ ಕುಂತು ಅಳ್ತಿದ್ದಿ."

"ನೀ ಕೊರಳಾಗಿನ ತುಳಸಿ ಮಾಲಿ ಮುಟ್ಟಿ ಹೇಳಿದ್ದಿ. ಕಣ್ಮುಂದ ತಿಂದ್ರ ಬದು ಅಂದಿದ್ದಿ. ಅದಕ್ಕ ನಾ ಚಪ್ಪಲಿ ಒಗದೆ."

ಅವನು ನೀರಿನಲ್ಲಿ ನಿಂತೇ ನಗತೊಡಗಿದ. ಹೊಟ್ಟೆ ಹಿಡಿದು ನಕ್ಕ. ನನಗೂ ತಡೆಯಲಾಗಲಿಲ್ಲ. ದಂಡೆಯ ಮೇಲಿನ ಜನಕ್ಕೆ ಇದೂ ವಿಧಿಯ ಒಂದು ಭಾಗವೆಂದು ತೋರಿರಬೇಕು. ಮುದುಕನೊಬ್ಬ ಚಪ್ಪಲಿ ಬಿಟ್ಟು, ಭಕ್ತಿಯಿಂದ ಕೈಮುಗಿದುಕೊಂಡು ತಾನೂ ನೀರಿಗಿಳಿದ.

ಮಾಲೀ ಅಕ್ಕ ನಮ್ಮನ್ನು ಮೇಲೆಳೆದರು, ನನ್ನ ಪ್ಯಾಂಟಿನಿಂದ ಪೈಲ್ವಾನನನ್ನು ಬಿಡಿಸಿದರು. ಜೇಬಿನಲ್ಲಿದ್ದ ಫೋನು ಸತ್ತಿತ್ತು. ಬೀರಪ್ಪಣ್ಣ ಕೈಸನ್ನೆಯಲ್ಲೇ ಕೇಳಿದ: ಇದು ಅದನ್ನು ತಿನ್ನುತ್ತದಲ್ಲ, ಹೇಗೆ? ಅಕ್ಕ ಪಕ್ಕದ ತಟ್ಟೆ ಎಳೆದು ತೋರಿಸಿದರು. ಅಲ್ಲಿ ಆಗತಾನೆ ಚಿಪ್ಪು ಕಳಚಿದ ಮೆತ್ತಗಿನ ಪೈಲ್ವಾನವೊಂದು ಬಿದ್ದಿತ್ತು, ಸುತ್ತ ಸಿಗಡಿಗಳು ಮುತ್ತಿ ಅದನ್ನೇ ತಿನ್ನುತ್ತಿದ್ದವು. ಅಕ್ಕ ತಮ್ಮ ಮೇಲಂಗಿ ಕಳಚಿ, ಮೈ ಕುಗ್ಗಿಸಿ ನಡುಗಿ, ತಮ್ಮನ್ನೇ ಅಲ್ಲಲ್ಲಿ ಚಿವುಟಿಕೊಂಡರು. ಆಮೇಲೆ ಹೊಟ್ಟೆ ಸವರಿ ಅಗಲಕ್ಕೆ ನಕ್ಕರು, ಪೈಪು ತೋರಿಸಿದರು. ಹೊಟ್ಟೆ ತುಂಬಿದ್ದರೆ, ಅಡಗಲು ಜಾಗವಿದ್ದರೆ, ಹೆಚ್ಚಿನವು ಉಳಿಯುತ್ತವೆ. ಎಲ್ಲವೂ ಅಲ್ಲ. ಮೂರು ಭಾಷೆಗಳ ನಡುವೆ ನಾಲ್ಕು ದಿನ ಒದ್ದಾಡಿದ್ದು ಒಂದು ನಿಮಿಷದ ನಾಟಕದಲ್ಲಿ ಸ್ಪಷ್ಟವಾಯಿತು.

ಬೀರಪ್ಪಣ್ಣ ಆ ಮೆತ್ತಗಿನದರ ಕಡೆ ಬಗ್ಗಿದ. "ಪಾಪ, ಪೈಲ್ವಾನ," ಎಂದ. "ಕುರಿನೂ ತೋಳನ್ನ ತಿಂತಾವ ಅಂತ ಯಾರಿಗೆ ಗೊತ್ತಿತ್ತು?"

"ಬದು?"

"ಹಾಕೋನಿದ್ರ ಮೊದಲನೇ ದಿನಾನ ಹಾಕ್ತೀನಿ ಅಂತಿದ್ದೆ. ವಿಠಲಗ ನಾ ಹೇಳ್ಕೋತೀನಿ ಬಿಡು. ಪೈಪ್ ಎಲ್ಲಿ ಸಿಗ್ತಾವ ಅದನ್ನ ಕೇಳು."

ಮರಳಿ ರಾಯಚೂರು

ಬಂದ ಮೇಲೆ ಎದೆಯುಬ್ಬಿಸಿ ಮೀನುಗಾರಿಕೆ ಕಚೇರಿಗೆ ಹೋದೆವು. ಅಲ್ಲಿನ ಮೇಡಂ ನಮ್ಮ ಕಥೆಯನ್ನು ಪೂರ್ತಿ ಕೇಳಿದರು, ನಡುನಡುವೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಆಮೇಲೆ ಹೇಳಿದರು:

"ಪರದೇಶದ ಜೀವ ಹಂಗೆಲ್ಲ ತಂದು ಬಿಡಂಗಿಲ್ರೀ. ಅನುಮತಿ ಬೇಕು. ಅದು ನಡಕೋತ ಕಾಲುವಿಗೆ ಇಳಿದು, ಕಾಲುವಿಯಿಂದ ಹೊಳಿಗೆ ಹೋದ್ರ ಹಿಡಿಯೋರ್ಯಾರು? ಹೋಗೋಕಿಂತ ಮುಂಚೆ ಒಂದ್ ಮಾತು ಕೇಳಿದ್ರ ಇಲ್ಲೇ ಹೇಳ್ತಿದ್ನಲ್ರೀ."

ನಾವಿಬ್ಬರೂ ಗೋಡೆ ನೋಡಿದೆವು. ಮೇಡಂಗೆ ಕನಿಕರ ಬಂದಿರಬೇಕು.

"ನಮ್ಮ ದೇಶದ್ದ ಸಿಹಿನೀರಿನ ದೊಡ್ಡ ಸಿಗಡಿ ಅದ. ನಿಮ್ಮ ಹೊಂಡದಷ್ಟು ಉಪ್ಪು ತಡಕೊಂತದ. ಅದನ್ನ ಜಿಂಗಾದ ಜೋಡಿ ಬಿಡ್ರಿ."

"ಅದಕ್ಕ ಕೈ ಅದಾವೇನ್ರಿ?" ಬೀರಪ್ಪಣ್ಣ ಮುಂದೆ ಬಗ್ಗಿ ಕೇಳಿದ.

"ಅದಾವಲ್ಲ. ನೀಲಿ ಬಣ್ಣದ್ದು, ಮೈಯಿಗಿಂತ ಉದ್ದ."

"ಹಂಗಾದ್ರ ಆತು," ಎಂದು ಎದ್ದೇಬಿಟ್ಟ.

ಮರಿ ಬಿಟ್ಟೆವು. ಪೈಪು ತುಂಡು ಮಾಡಿ ಮುಳುಗಿಸಿದೆವು. ಕೆಲವು ಒಂದನ್ನೊಂದು ತಿಂದುಕೊಂಡವು, ಹೆಚ್ಚಿನವು ಉಳಿದವು. ಬೆಳೆ ತೆಗೆದ ದಿನ ಬಲೆಯಲ್ಲಿ ಜಿಂಗಾಗಳ ನಡುವೆ ನೀಲಿ ಕೈಗಳು ಮೇಲೆದ್ದು ಆಡುತ್ತಿದ್ದವು. ಬೀರಪ್ಪಣ್ಣನ ಹೆಂಡತಿ ಯಲ್ಲವ್ವ ದಂಡೆಯ ಮೇಲೇ ಒಲೆ ಹೂಡಿ, ಕೆಲವನ್ನು ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಹುರಿದಳು. ಪಕ್ಕದ ಊರು ಕುರ್ಡಿಯಿಂದ, ಸುತ್ತಲಿನ ಹೊಲಗಳಿಂದ ಬಂದವರೆಲ್ಲ ತಟ್ಟೆ ಹಿಡಿದು ಕುಳಿತೆವು. ಚಿಪ್ಪು ಬಿಡಿಸುವ ಸದ್ದಷ್ಟೇ.

ಬೀರಪ್ಪಣ್ಣ ಮಜ್ಜಿಗೆ ಲೋಟ ಹಿಡಿದು ನನ್ನೆದುರು ಬಂದು ಕುಳಿತ. ನಾನು ಅಗಿಯುವುದನ್ನೇ ನೋಡಿದ.

"ಹೆಂಗದ?"

"ಭಾಳ ರುಚಿ ಅದ, ಬೀರಪ್ಪಣ್ಣ."

"ಅದು ಗೊತ್ತಾತು. ಹೆಂಗ ರುಚಿ?"

ನಾನು ಯೋಚಿಸಿದೆ. ಸಿಹಿ ಎನ್ನೋಣವೆಂದರೆ ಸಿಹಿಯಲ್ಲ. ಎಳೆ ತೆಂಗಿನಂತೆ ಎನ್ನೋಣವೆಂದರೆ ಅದೂ ಅಲ್ಲ. ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ಮತ್ತೆ ಯೋಚಿಸಿದೆ. ಅವನು ಆಸೆಯಿಂದ ಕಾಯುತ್ತಿದ್ದ.

"ರುಚಿ ಅಂದ್ರ... ರುಚಿ ಅದ," ಎಂದೆ.

"ಇಷ್ಟು ಹೇಳಾಕ ಎಂ.ಎ. ಓದಿದೇನು?" ಎಂದು ಮಜ್ಜಿಗೆ ಎತ್ತಿ ಕುಡಿದು, ಮೀಸೆ ಒರೆಸಿಕೊಂಡು, ಬಲೆ ಎಳೆಯಲು ಹೊರಟುಹೋದ.